ಸೂಜಿ ಮುಟ್ಟುವ ಮೊದಲು ಟ್ಯಾಂಕ್ ನೋಡಿ: ಮಾಡೆಲ್ ವಿಮಾನದಲ್ಲಿ ಇಂಧನ ಟ್ಯಾಂಕ್ ಕೂರಿಸುವ ಬಗೆ

ನೆಲದ ಮೇಲೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಥ್ರಾಟಲ್ ಪೂರ್ತಿ ಕೊಟ್ಟರೆ ಕಿರುಚುತ್ತದೆ, ಇಳಿಸಿದರೆ ಮೆತ್ತಗೆ ಗುರುಗುಟ್ಟುತ್ತದೆ. ವಿಮಾನ ನೆಲ ಬಿಟ್ಟು ಮೂಗು ಎತ್ತಿದ ಕೂಡಲೇ ಸದ್ದು ತೆಳ್ಳಗಾಗುತ್ತದೆ, ಒಂದೆರಡು ಸಲ ಕೆಮ್ಮುತ್ತದೆ, ಆಮೇಲೆ ಬಂದ್. ಕೆಳಗೆ ಮೆಕ್ಕೆಜೋಳದ ಹೊಲ. ದಾವಣಗೆರೆ ಸುತ್ತಮುತ್ತ ಹಾರಿಸುವವರಿಗೆ ಈ ಕೊನೆಯ ಭಾಗ ಗೊತ್ತಿರುವುದೇ. ಆಳೆತ್ತರ ಬೆಳೆದ ಜೋಳದೊಳಗೆ ವಿಮಾನ ಹುಡುಕುವುದು ಹಾರಿಸುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುವ ಕೆಲಸ.

ಹೀಗಾದಾಗ ಹೆಚ್ಚಿನವರು ನೇರವಾಗಿ ಸೂಜಿಗೆ ಕೈ ಹಾಕುತ್ತಾರೆ. ಸೂಜಿ ಅಂದರೆ ಕಾರ್ಬೊರೇಟರ್‌ನ ನೀಡಲ್ ವಾಲ್ವ್, ಎಂಜಿನ್‌ಗೆ ಎಷ್ಟು ಇಂಧನ ಹೋಗಬೇಕು ಅಂತ ಕ್ಲಿಕ್ ಕ್ಲಿಕ್ ಅಂತ ತಿರುಗಿಸಿ ಹೊಂದಿಸುವ ತಿರುಪು. ಎರಡು ಕ್ಲಿಕ್ ಬಿಚ್ಚಿ ನೋಡು, ಮೂರು ಕ್ಲಿಕ್ ಬಿಗಿ ಮಾಡು, ಪ್ಲಗ್ ಬದಲಿಸು. ನಾನು ನೋಡಿದ ಮಟ್ಟಿಗೆ, ಗಾಳಿಯಲ್ಲಿ ನಿಲ್ಲುವ ಎಂಜಿನ್‌ಗಳಲ್ಲಿ ಬಹುಪಾಲಿನ ತೊಂದರೆ ಇರುವುದು ಸೂಜಿಯಲ್ಲಲ್ಲ, ಹಿಂದಿರುವ ಪ್ಲಾಸ್ಟಿಕ್ ಟ್ಯಾಂಕ್‌ನಲ್ಲಿ. ಟ್ಯಾಂಕ್ ತಪ್ಪು ಎತ್ತರದಲ್ಲಿದ್ದರೆ ಸೂಜಿ ಎಷ್ಟು ತಿರುಗಿಸಿದರೂ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ.

ಈ ಲೇಖನ ಗ್ಲೋ ಎಂಜಿನ್, ಅಂದರೆ ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನದಿಂದ ಓಡುವ ಪುಟ್ಟ ಎಂಜಿನ್ ಇರುವ, ರೇಡಿಯೊದಿಂದ ಹಾರಿಸುವ ವಿಮಾನಗಳಿಗೆ. ಈಗ ಬಹಳ ಜನ ಬ್ಯಾಟರಿ, ಮೋಟರ್ ಕಡೆ ಹೋಗಿದ್ದಾರೆ, ಅವರಿಗೆ ಈ ತಲೆನೋವೇ ಇಲ್ಲ. ಹರಳೆಣ್ಣೆ ಹೊಗೆಯ ವಾಸನೆ ಬಿಡಲಾಗದವರು ಮುಂದೆ ಓದಿ.

ಎಂಜಿನ್‌ಗೆ ನಿಜವಾಗಿ ಏನು ಗೊತ್ತಾಗುತ್ತದೆ

ಬೈಕ್ ಗ್ಯಾರೇಜ್ ಇಟ್ಟ ಹುಡುಗನೊಬ್ಬ ನನ್ನ ಎಂಜಿನ್ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ಕೇಳಿದ: "ಇದ್ರಾಗೆ ಫ್ಲೋಟ್ ಎಲ್ಲೈತಿ ಸಾರ್?" ಸರಿಯಾದ ಪ್ರಶ್ನೆ. ಬೈಕಿನ ಕಾರ್ಬೊರೇಟರ್ ಕೆಳಗೆ ಒಂದು ಬಟ್ಟಲು ಇರುತ್ತದೆ. ಒಳಗೆ ಫ್ಲೋಟ್ ತೇಲುತ್ತದೆ. ಮೇಲಿನ ಟ್ಯಾಂಕ್‌ನಲ್ಲಿ ಪೆಟ್ರೋಲ್ ತುಂಬಿರಲಿ, ತಳಕ್ಕೆ ಬಂದಿರಲಿ, ಬಟ್ಟಲಲ್ಲಿ ಮಟ್ಟ ಒಂದೇ. ಹಾಗಾಗಿ ಜೆಟ್ಟಿಗೆ ಟ್ಯಾಂಕ್‌ನ ಸಂಗತಿ ಗೊತ್ತೇ ಆಗುವುದಿಲ್ಲ.

ನಮ್ಮ ಪುಟ್ಟ ಎಂಜಿನ್‌ನಲ್ಲಿ ಆ ಬಟ್ಟಲಿಲ್ಲ. ಇರಲೂ ಆಗದು, ವಿಮಾನ ತಲೆಕೆಳಗಾದರೆ ಫ್ಲೋಟ್ ಏನು ಮಾಡೀತು? ಇಲ್ಲಿ ಗಾಳಿ ಒಳಗೆ ನುಗ್ಗುವಾಗ ಕಾರ್ಬೊರೇಟರ್‌ನ ಕತ್ತಿನಲ್ಲಿ ಹುಟ್ಟುವ ಎಳೆತ ಒಂದು, ಸೈಲೆನ್ಸರ್‌ನಿಂದ ಟ್ಯಾಂಕ್‌ಗೆ ಹೋಗುವ ಸ್ವಲ್ಪ ಒತ್ತಡ ಇನ್ನೊಂದು. ಇವೆರಡೇ ಇಂಧನ ತರುವುದು. ಎರಡೂ ಸಣ್ಣವು. ಹಾಗಾಗಿ ಟ್ಯಾಂಕ್‌ನೊಳಗಿನ ಇಂಧನದ ಮೇಲ್ಮೈ ಸೂಜಿಯ ತೂತಿಗಿಂತ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಅನ್ನುವುದು ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಮೇಲಿದ್ದರೆ ಇಂಧನ ತಾನಾಗಿ ನುಗ್ಗುತ್ತದೆ, ಮಿಶ್ರಣ ರಿಚ್, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿ. ಕೆಳಗಿದ್ದರೆ ಎಳೆದು ತರಬೇಕು, ಮಿಶ್ರಣ ಲೀನ್, ಅಂದರೆ ಇಂಧನ ಕಡಿಮೆ.

300 ಮಿ.ಲೀ. ಟ್ಯಾಂಕ್ ಒಂದು 5 ಸೆಂ.ಮೀ. ಎತ್ತರ, 12 ಸೆಂ.ಮೀ. ಉದ್ದ ಇದೆ ಅಂದುಕೊಳ್ಳಿ. ವಿಮಾನ ಮಟ್ಟಸವಾಗಿ ಹಾರುವಾಗ, ತುಂಬಿದಾಗಿನಿಂದ ಖಾಲಿಯಾಗುವವರೆಗೆ ಮೇಲ್ಮೈ ಇಳಿಯುವುದು 5 ಸೆಂ.ಮೀ. ಅದೇ ವಿಮಾನದ ಮೂಗು ನೇರ ಆಕಾಶಕ್ಕೆ ಎತ್ತಿ. ಈಗ ಟ್ಯಾಂಕ್ ಎಂಜಿನ್‌ನ ಹಿಂದಿಲ್ಲ, ಕೆಳಗಿದೆ. ಟ್ಯಾಂಕ್‌ನ ಮುಂದಿನ ತುದಿಗೂ ಸೂಜಿಗೂ 6 ಸೆಂ.ಮೀ. ಅಂತರ ಇದ್ದರೆ, ಕೊನೆಯ ಹನಿಯನ್ನು 18 ಸೆಂ.ಮೀ. ಮೇಲಕ್ಕೆ ಎಳೆಯಬೇಕು. ಲೂಪ್ ಹೊಡೆಯುವಾಗ ಇನ್ನೊಂದು ಕಷ್ಟ. 3 ಜಿ ತೂಕ ಬಿದ್ದರೆ ಇಂಧನವೂ ಮೂರು ಪಟ್ಟು ಭಾರ, 2 ಸೆಂ.ಮೀ. ಕೆಳಗಿರುವ ಟ್ಯಾಂಕ್ 6 ಸೆಂ.ಮೀ. ಕೆಳಗಿರುವಂತೆ ಕಾಡುತ್ತದೆ.

ಟ್ಯಾಂಕ್ ಕೂರಿಸುವ ಕೆಲಸ ಅಂದರೆ ಈ ಏರುಪೇರನ್ನು ಆದಷ್ಟು ಕಡಿಮೆ ಮಾಡುವುದು.

ಮೊದಲು ಅಳತೆ

25 ಸೈಜಿನ ಎಂಜಿನ್‌ಗೆ, ಅಂದರೆ ಸುಮಾರು 4 ಸಿಸಿಗೆ, 180 ಮಿ.ಲೀ. ಟ್ಯಾಂಕ್ ಸಾಕು. 40 ಮತ್ತು 46 ಸೈಜಿಗೆ, ಅಂದರೆ 6.5ರಿಂದ 7.5 ಸಿಸಿಗೆ, 240ರಿಂದ 300 ಮಿ.ಲೀ. 10 ಸಿಸಿ ಎಂಜಿನ್‌ಗೆ 350 ಮಿ.ಲೀ. ಆಸುಪಾಸು. 46ರ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು 25ರಿಂದ 30 ಮಿ.ಲೀ. ಕುಡಿಯುತ್ತದೆ. ಜಾಸ್ತಿ ಅನ್ನಿಸಿತಾ? ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಸುಡಲು 14.7 ಕೆ.ಜಿ. ಗಾಳಿ ಬೇಕು, ಮೆಥನಾಲ್‌ಗೆ ಸುಮಾರು 6.5 ಕೆ.ಜಿ. ಸಾಕು. ಅದೇ ಗಾಳಿಗೆ ಮೆಥನಾಲ್ ಎರಡು ಪಟ್ಟಿಗೂ ಮೀರಿ ಬೇಕಾಗುತ್ತದೆ, ಅಷ್ಟೇ.

ದೊಡ್ಡ ಟ್ಯಾಂಕ್ ಹಾಕಿದರೆ ಜಾಸ್ತಿ ಹೊತ್ತು ಹಾರಿಸಬಹುದು ಅನ್ನುವ ಆಸೆ ಬೇಡ. ದೊಡ್ಡದು ಅಂದರೆ ಎತ್ತರವೂ ಜಾಸ್ತಿ, ಉದ್ದವೂ ಜಾಸ್ತಿ, ಏರುಪೇರೂ ಜಾಸ್ತಿ. ಆಯ್ಕೆ ಇದ್ದರೆ ಅಗಲವಾಗಿ ಚಪ್ಪಟೆಯಾಗಿರುವ ಟ್ಯಾಂಕ್ ತೆಗೆದುಕೊಳ್ಳಿ.

ಎತ್ತರ: ಮೇಸ್ತ್ರಿಯ ಪೈಪ್ ತನ್ನಿ

ನಿಯಮ ಸರಳ. ಟ್ಯಾಂಕ್‌ನ ಎತ್ತರದ ನಡುಗೆರೆ, ಕಾರ್ಬೊರೇಟರ್‌ನಲ್ಲಿ ಇಂಧನ ಹೊರಬರುವ ತೂತಿನ ಮಟ್ಟದಲ್ಲೇ ಇರಬೇಕು, ಇಲ್ಲವೇ ಅದಕ್ಕಿಂತ 5ರಿಂದ 10 ಮಿ.ಮೀ. ಕೆಳಗೆ. ತಲೆಕೆಳಗೆ ಹಾರಿಸುವ ಆಟ ಜಾಸ್ತಿ ಇದ್ದರೆ ಸರಿಸಮಕ್ಕೆ ಹತ್ತಿರ ಇಡಿ. ಕೆಳಗಿಟ್ಟ ಟ್ಯಾಂಕ್ ವಿಮಾನ ಮಗುಚಿದಾಗ ಮೇಲಾಗುತ್ತದೆ, ಎಂಜಿನ್ ರಿಚ್ ಆಗಿ ಉಗುಳುತ್ತದೆ. ಬರೀ ಟ್ರೇನರ್ ವಿಮಾನವಾದರೆ ಸ್ವಲ್ಪ ಕೆಳಗಿರುವುದೇ ಕ್ಷೇಮ. ಮೇಲಂತೂ ಬೇಡ. ಮೇಲಿದ್ದರೆ ಎಂಜಿನ್ ನಿಂತಾಗಲೂ ಇಂಧನ ತಾನಾಗಿ ಇಳಿದು ಕಾರ್ಬೊರೇಟರ್‌ನಿಂದ ತೊಟ್ಟಿಕ್ಕುತ್ತದೆ.

ನಿಯಮ ಎಲ್ಲರಿಗೂ ಗೊತ್ತು, ಅಳೆಯುವುದರಲ್ಲಿ ಎಡವುತ್ತಾರೆ. ಎಂಜಿನ್ ಫೈರ್‌ವಾಲ್‌ನ, ಅಂದರೆ ಎಂಜಿನ್ ಕೂರಿಸುವ ಮುಂದಿನ ಅಡ್ಡಹಲಗೆಯ ಆಚೆ, ಟ್ಯಾಂಕ್ ಈಚೆ. ನಡುವೆ ಸ್ಕೇಲ್ ಇಡಲು ಜಾಗವಿಲ್ಲ. ಕಣ್ಣಂದಾಜು ಮಾಡಿದರೆ ಒಂದೂವರೆ ಸೆಂ.ಮೀ. ತಪ್ಪುವುದು ಸುಲಭ. ನಾನು ಮಾಡುವುದು ಮನೆ ಕಟ್ಟುವ ಮೇಸ್ತ್ರಿಗಳ ವಿಧಾನ, ನೀರು ತುಂಬಿದ ಪಾರದರ್ಶಕ ಪೈಪ್. ಹೀಗೆ:

1. ವಿಮಾನವನ್ನು ಮೇಜಿನ ಮೇಲೆ ಹಾರುವ ಭಂಗಿಯಲ್ಲಿ ಇಡಿ. ಬಾಲದ ಚಕ್ರ ಇರುವ ವಿಮಾನವಾದರೆ ಬಾಲದ ಕೆಳಗೆ ಪುಸ್ತಕ ಇಟ್ಟು ಎತ್ತಿ. ಸ್ಟೆಬಿಲೈಸರ್, ಅಂದರೆ ಬಾಲದ ಅಡ್ಡರೆಕ್ಕೆಯ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

2. ಒಂದು ಮೀಟರ್ ಸಣ್ಣ ಪೈಪ್‌ಗೆ ನೀರು ತುಂಬಿ. ನೀರಿಗೆ ಚಿಟಿಕೆ ಕುಂಕುಮ ಕದಡಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನಡುವೆ ಗುಳ್ಳೆ ಇರಬಾರದು, ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ.

3. ಪೈಪ್‌ನ ಒಂದು ತುದಿಯನ್ನು ಕಾರ್ಬೊರೇಟರ್ ಪಕ್ಕ ಹಿಡಿದು, ನೀರು ಸೂಜಿಯ ನಡುಮಟ್ಟಕ್ಕೆ ಬರುವಂತೆ ಮೇಲೆ ಕೆಳಗೆ ಮಾಡಿ. ಇನ್ನೊಂದು ತುದಿಯನ್ನು ಟ್ಯಾಂಕ್ ಇರುವ ಜಾಗದ ಹೊರಗೋಡೆಗೆ ಒತ್ತಿ ಹಿಡಿಯಲಿಕ್ಕೆ ಮನೆಯವರನ್ನು ಯಾರನ್ನಾದರೂ ಕರೆಯಿರಿ.

4. ಅಲ್ಲಿ ನೀರು ನಿಂತ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಅದೇ ಸೂಜಿಯ ಮಟ್ಟ. ಅದರ ಕೆಳಗೆ 5ರಿಂದ 10 ಮಿ.ಮೀ. ಬಿಟ್ಟು ಇನ್ನೊಂದು ಗೆರೆ. ಟ್ಯಾಂಕ್‌ನ ನಡು ಅಲ್ಲಿಗೆ ಬರಬೇಕು.

ಗೆರೆ ಎಳೆದ ಮೇಲೆ ಬೇಜಾರಾಗುವ ಸಾಧ್ಯತೆ ಇದೆ. ಎಂಜಿನ್ ನೆಟ್ಟಗೆ ಕೂತಿದ್ದರೆ ಕಾರ್ಬೊರೇಟರ್ ಎತ್ತರದಲ್ಲಿರುತ್ತದೆ, ಫ್ಯೂಸಲೇಜ್‌ನ (ವಿಮಾನದ ಒಡಲಿನ) ಮಾಡು ಅಡ್ಡ ಬಂದು ಟ್ಯಾಂಕ್ ಅಷ್ಟು ಮೇಲೇರುವುದಿಲ್ಲ. ಎಂಜಿನ್ ತಲೆಕೆಳಗಿದ್ದರೆ ತಿರುವುಮುರುವು, ಟ್ಯಾಂಕ್ ನೆಲಕ್ಕೆ ಅಂಟಿದರೂ ಮೇಲೇ ಉಳಿಯುತ್ತದೆ. ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ: ಎಂಜಿನ್ ಅಡ್ಡಲಾಗಿ, ಸಿಲಿಂಡರ್ ಪಕ್ಕಕ್ಕೆ ಬರುವಂತೆ ಕೂರಿಸಿ. ಆಗ ಸೂಜಿ ಹೆಚ್ಚುಕಡಿಮೆ ಪ್ರೊಪೆಲ್ಲರ್ ಶಾಫ್ಟಿನ ಮಟ್ಟಕ್ಕೆ ಬರುತ್ತದೆ, ಟ್ಯಾಂಕ್ ಫೈರ್‌ವಾಲ್‌ನ ನಡುವಿಗೆ ಸಲೀಸಾಗಿ ಕೂರುತ್ತದೆ.

ತಲೆಕೆಳಗಿನ ಎಂಜಿನ್‌ನವರು ಇನ್ನೊಂದು ನೆನಪಿಡಿ. ಇಳಿದು ಬಂದ ಇಂಧನ ನೇರ ಸಿಲಿಂಡರ್ ತಲೆಯಲ್ಲಿ ನಿಲ್ಲುತ್ತದೆ. ದ್ರವವನ್ನು ಪಿಸ್ಟನ್ ಹಿಂಡಲಾರದು. ಆ ಸ್ಥಿತಿಯಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್‌ಗೆ ಬ್ಯಾಟರಿ ಕೊಡುವ ಮೊದಲು ಪ್ರೊಪೆಲ್ಲರ್ ಕೈಯಿಂದ ಒಂದು ಸುತ್ತು ತಿರುಗಿಸಿ. ಅಡ್ಡ ಹಿಡಿದರೆ ಪ್ಲಗ್ ಬಿಚ್ಚಿ ಇಂಧನ ಹೊರಹಾಕಿ.

ಮುಂದೆಯೋ ಹಿಂದೆಯೋ

ಸಾದಾ ಎಂಜಿನ್‌ಗೆ ಉತ್ತರ ಒಂದೇ: ಫೈರ್‌ವಾಲ್‌ಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು. ದೂರ ಹೋದಷ್ಟೂ ಮೂಗೆತ್ತಿದಾಗ ಎಳೆಯಬೇಕಾದ ಎತ್ತರ ಜಾಸ್ತಿ ಅಂತ ಮೇಲೆಯೇ ನೋಡಿದೆವು.

ಇದಕ್ಕೊಂದು ಬೆಲೆ ಇದೆ. 300 ಮಿ.ಲೀ. ಇಂಧನದ ತೂಕ ಸುಮಾರು 250 ಗ್ರಾಂ. ಖಾಲಿ ಟ್ಯಾಂಕ್‌ನಲ್ಲಿ 2.3 ಕೆ.ಜಿ. ತೂಗುವ ವಿಮಾನ, ಟ್ಯಾಂಕ್ ಅದರ ತೂಕದ ಕೇಂದ್ರಕ್ಕಿಂತ 20 ಸೆಂ.ಮೀ. ಮುಂದೆ. ಟ್ಯಾಂಕ್ ತುಂಬಿದಾಗ ತೂಕದ ಕೇಂದ್ರ ಹೆಚ್ಚುಕಡಿಮೆ 2 ಸೆಂ.ಮೀ. ಮುಂದಕ್ಕೆ ಹೋಗುತ್ತದೆ. ಹಾರುತ್ತಾ ಹಾರುತ್ತಾ ಹಿಂದಕ್ಕೆ ಸರಿಯುತ್ತದೆ, ಬಾಲ ಭಾರವಾಗುತ್ತದೆ. ಬಾಲ ಭಾರವಾದ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ, ಅದೂ ಇಳಿಸುವ ಹೊತ್ತಿಗೆ. ಹಾಗಾಗಿ ಬ್ಯಾಲೆನ್ಸ್ ನೋಡುವುದು ಯಾವಾಗಲೂ ಖಾಲಿ ಟ್ಯಾಂಕ್‌ನಲ್ಲಿ. ಟ್ಯಾಂಕ್ ತುಂಬಿದಾಗ ಮೂಗು ಸ್ವಲ್ಪ ಭಾರ ಅನ್ನಿಸಿದರೆ ಅನ್ನಿಸಲಿ.

ಟ್ಯಾಂಕ್ ಅನ್ನು ರೆಕ್ಕೆಯ ಮೇಲೆ, ತೂಕದ ಕೇಂದ್ರದಲ್ಲೇ ಇಟ್ಟ ವಿಮಾನಗಳನ್ನೂ ನೀವು ನೋಡಿರಬಹುದು. ಅವುಗಳ ಎಂಜಿನ್‌ಗೆ ಪಂಪ್ ಇರುತ್ತದೆ. ಪೆಟ್ರೋಲ್ ಎಂಜಿನ್‌ಗಳ ಡಯಾಫ್ರಮ್ ಕಾರ್ಬೊರೇಟರ್‌ನೊಳಗೂ ಪಂಪ್ ಇರುತ್ತದೆ, ಅವಕ್ಕೆ ಟ್ಯಾಂಕ್ ಎಲ್ಲಿದ್ದರೂ ಅಷ್ಟೇನೂ ಅಡ್ಡಿಯಿಲ್ಲ. ಅದನ್ನು ನೋಡಿ ಸಾದಾ ಗ್ಲೋ ಎಂಜಿನ್‌ಗೆ ಅನುಕರಿಸಬೇಡಿ.

ಟ್ಯಾಂಕ್‌ನ ಹೊಟ್ಟೆಯೊಳಗೆ

ಟ್ಯಾಂಕ್‌ನ ರಬ್ಬರ್ ಬಿರಡೆಯ ಮೂಲಕ ಎರಡು ಅಥವಾ ಮೂರು ಹಿತ್ತಾಳೆ ಕೊಳವೆ ಹೋಗುತ್ತವೆ. ಒಂದು ಎಂಜಿನ್‌ಗೆ. ಅದರ ಒಳತುದಿಗೆ ಮೆತ್ತನೆ ಸಿಲಿಕಾನ್ ಪೈಪ್, ಪೈಪ್‌ನ ತುದಿಗೆ ಕ್ಲಂಕ್ ಅನ್ನುವ ತೂಕದ ಗುಂಡು. ವಿಮಾನ ಎತ್ತ ವಾಲಿದರೂ ಇಂಧನ ಎಲ್ಲಿಗೆ ಹೋಗುತ್ತದೋ ಕ್ಲಂಕ್ ಅಲ್ಲಿಗೇ ಹೋಗಿ ಬೀಳುತ್ತದೆ. ಎರಡನೆಯದು ಒತ್ತಡದ ಕೊಳವೆ, ಟ್ಯಾಂಕ್‌ನ ಮಾಡಿಗೆ ತಾಗಿಯೂ ತಾಗದಂತೆ ಮೇಲಕ್ಕೆ ಬಾಗಿರಬೇಕು. ಮೂರನೆಯದು ಇಂಧನ ತುಂಬಲಿಕ್ಕೆ. ಅದು ಇಲ್ಲದೆಯೂ ನಡೆಯುತ್ತದೆ, ಇದ್ದರೆ ಕೆಲಸ ಹಗುರ.

ಕ್ಲಂಕ್‌ನ ಉದ್ದ ಬಹಳ ಮುಖ್ಯ. ಟ್ಯಾಂಕ್‌ನ ಹಿಂದಿನ ಗೋಡೆಗೂ ಕ್ಲಂಕ್‌ಗೂ ನಡುವೆ 5ರಿಂದ 8 ಮಿ.ಮೀ. ಜಾಗ ಬಿಡಿ. ತಾಗಿಕೊಂಡಿದ್ದರೆ ಅದು ಗೋಡೆಗೆ ಅಂಟಿ ನಿಲ್ಲುತ್ತದೆ, ತಲೆಕೆಳಗಾದಾಗ ಆ ಕಡೆ ಬೀಳುವುದಿಲ್ಲ. ಪೈಪ್ ಕತ್ತರಿಸಿ ಜೋಡಿಸಿದ ಮೇಲೆ ಟ್ಯಾಂಕ್ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಮಗುಚಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಪ್ರತಿ ಸಲವೂ ಟಕ್ ಅಂತ ಸದ್ದು ಬರಬೇಕು. ಒಂದು ದಿಕ್ಕಿನಲ್ಲಿ ಬರದಿದ್ದರೂ ಬಿಚ್ಚಿ ಸರಿ ಮಾಡಿ.

ವಿಮಾನ ಮೂಗಿನ ಮೇಲೆ ಜೋರಾಗಿ ಕುಕ್ಕಿದಾಗ ಕ್ಲಂಕ್ ಮುಂದಕ್ಕೆ ಹಾರಿ, ಪೈಪ್ ಮಡಚಿಕೊಂಡು ಅಲ್ಲೇ ಸಿಕ್ಕಿಕೊಳ್ಳುವುದುಂಟು. ಇದು ಮಹಾ ಮೋಸದ ತೊಂದರೆ. ನೆಲದಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ಟ್ಯಾಂಕ್ ತುಂಬಿರುವಾಗ ಮೇಲೂ ಓಡುತ್ತದೆ. ಅರ್ಧ ಖಾಲಿಯಾದ ಮೇಲೆ ಮೂಗೆತ್ತಿದರೆ ಇಂಧನ ಹಿಂದೆ, ಕ್ಲಂಕ್ ಮುಂದೆ. ಬಿದ್ದ ವಿಮಾನವನ್ನು ರಿಪೇರಿ ಮಾಡಿ ಮತ್ತೆ ಹಾರಿಸುವ ಮೊದಲು ಟ್ಯಾಂಕ್ ಬಿಚ್ಚಿ ನೋಡಲೇಬೇಕು. ಮಡಚದಂತೆ ತಡೆಯಲು ಮೆತ್ತನೆ ಪೈಪ್‌ನ ನಡುವೆ ಒಂದೆರಡು ಸೆಂ.ಮೀ. ಹಿತ್ತಾಳೆ ಕೊಳವೆ ಸೇರಿಸಬಹುದು, ಎರಡೂ ಬದಿಗೆ ಬಾಗುವಷ್ಟು ಮೆತ್ತನೆ ಭಾಗ ಉಳಿದಿರಲಿ.

ಹಿತ್ತಾಳೆ ಕೊಳವೆ ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ನುಣ್ಣಗೆ ಉಜ್ಜಿ. ಸಿಲಿಕಾನ್ ಪೈಪ್ ಎಳೆದರೆ ಹಿಗ್ಗುತ್ತದೆ, ಆದರೆ ಚೂಪು ಅಂಚಿಗೆ ಬ್ಲೇಡ್ ತಾಗಿದ ಹಾಗೆ ಸೀಳುತ್ತದೆ. ಬಿರಡೆಯ ಸ್ಕ್ರೂ ಬಿಗಿ ಮಾಡುವಾಗಲೂ ಜೋರು ಬೇಡ. ರಬ್ಬರ್ ಉಬ್ಬಿ ಟ್ಯಾಂಕ್‌ನ ಬಾಯಿ ತುಂಬಿಕೊಂಡರೆ ಸಾಕು, ಇನ್ನೂ ತಿರುಗಿಸಿದರೆ ಟ್ಯಾಂಕ್‌ನ ಕತ್ತೇ ಬಿರಿಯುತ್ತದೆ.

ಪೈಪ್ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಆಸ್ಪತ್ರೆಯ ಡ್ರಿಪ್ ಪೈಪ್, ಮೀನಿನ ತೊಟ್ಟಿಯ ಅಗ್ಗದ ಪೈಪ್ ಹಾಕುವವರಿದ್ದಾರೆ. ಅವು ಹೆಚ್ಚಾಗಿ ಪಿವಿಸಿ. ಮೆಥನಾಲ್‌ನಲ್ಲಿ ನೆಂದು ಗಟ್ಟಿಯಾಗುತ್ತವೆ, ಕ್ಲಂಕ್ ಅಲ್ಲಾಡುವುದೇ ನಿಲ್ಲುತ್ತದೆ. ಗ್ಲೋ ಇಂಧನಕ್ಕೆ ಸಿಲಿಕಾನ್ ಪೈಪ್. ಪೆಟ್ರೋಲ್‌ಗಾದರೆ ಸಿಲಿಕಾನ್ ಉಬ್ಬಿ ಹಾಳಾಗುತ್ತದೆ, ಅದಕ್ಕೆ ಟೈಗಾನ್ ಥರದ ಬೇರೆ ಪೈಪ್, ಬೇರೆ ಬಿರಡೆ. ಕ್ಲಂಕ್ ಕಳೆದುಹೋದರೆ ಮಾತ್ರ ಚಿಂತೆ ಬೇಡ, ಯಾವ ಲೇತ್ ಅಂಗಡಿಯವರಾದರೂ ಹಿತ್ತಾಳೆ ಸರಳಿನ ತುಂಡಿನಲ್ಲಿ ಮಾಡಿಕೊಡುತ್ತಾರೆ.

ಬಕೆಟ್ ಪರೀಕ್ಷೆ

ಜೋಡಿಸಿದ ಟ್ಯಾಂಕ್ ಅನ್ನು ವಿಮಾನದೊಳಗೆ ತುರುಕುವ ಮೊದಲು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ. ಒಂದು ಪೈಪ್ ಬಿಟ್ಟು ಉಳಿದವನ್ನು ಬೆರಳಿನಿಂದ ಮುಚ್ಚಿ, ಆ ಒಂದರಿಂದ ಊದಿ. ಹೊಸ ಟ್ಯಾಂಕ್ ಆದರೆ ಬಾಯಿಂದ ಊದಬಹುದು. ಇಂಧನ ಕಂಡ ಟ್ಯಾಂಕ್‌ಗೆ ಬಾಯಿ ಹಾಕಲೇಬೇಡಿ, ಮೆಥನಾಲ್ ವಿಷ. ಅದಕ್ಕೆ ಸಿರಿಂಜ್ ಬಳಸಿ. ಬಿರಡೆಯ ಸುತ್ತ ಗುಳ್ಳೆ ಬಂದರೆ ಅಲ್ಲೇ ಸೋರಿಕೆ.

ಇಂಧನದ ಪೈಪ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು. ಎಳನೀರಿನ ಸ್ಟ್ರಾ ಬಿರುಕು ಬಿಟ್ಟರೆ ಎಷ್ಟು ಹೀರಿದರೂ ಬರೀ ಗಾಳಿ ಬಾಯಿಗೆ ಬರುತ್ತಲ್ಲ, ಎಂಜಿನ್‌ಗೂ ಅದೇ ಗತಿ. ತೂತಾದ ಪೈಪ್‌ನಿಂದ ಇಂಧನ ಹೊರಗೆ ಸೋರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಸ್ಪಂಜು ಮತ್ತು ನೊರೆ

ಎಂಜಿನ್‌ನ ನಡುಕ ನೇರವಾಗಿ ಟ್ಯಾಂಕ್‌ಗೆ ತಾಗಿದರೆ ಇಂಧನ ನೊರೆಯಾಗುತ್ತದೆ. ಕ್ಲಂಕ್ ನೊರೆಯನ್ನೇ ಎಳೆದು ಎಂಜಿನ್‌ಗೆ ಕೊಡುತ್ತದೆ. ಪಾರದರ್ಶಕ ಪೈಪ್‌ನಲ್ಲಿ ಸಾಲುಗಟ್ಟಿದ ಸಣ್ಣ ಗುಳ್ಳೆ ಕಂಡರೆ ಸೋರಿಕೆ ಇಲ್ಲವೇ ನೊರೆ, ಎರಡರಲ್ಲಿ ಒಂದು. ಸೀಟ್ ಕುಶನ್ ಹೊಲಿಯುವ ಅಂಗಡಿಯಲ್ಲಿ ಸಿಗುವ ಮೆತ್ತನೆ ಸ್ಪಂಜಿನ ತುಂಡು ಸಾಕು, 6ರಿಂದ 10 ಮಿ.ಮೀ. ದಪ್ಪದ್ದು. ಟ್ಯಾಂಕ್ ಅನ್ನು ಮೊದಲು ತೆಳು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಆಮೇಲೆ ಸ್ಪಂಜು ಸುತ್ತಿ. ಇಲ್ಲದಿದ್ದರೆ ಸೋರಿದ ಎಣ್ಣೆ ಕುಡಿದು ಸ್ಪಂಜು ಮುದ್ದೆಯಾಗುತ್ತದೆ. ಥರ್ಮಾಕೋಲ್ ಬೇಡ, ಅದು ನಡುಕ ನುಂಗುವುದಿಲ್ಲ. ಗಿಡಿದು ತುಂಬುವುದೂ ಬೇಡ, ಬಿಗಿಯಾದ ಸ್ಪಂಜು ಮರದ ಹಲಗೆಗೆ ಸಮ.

ಟ್ಯಾಂಕ್ ಕೂರುವ ಗೂಡಿನ ಒಳಗೋಡೆಗೆ, ಫೈರ್‌ವಾಲ್‌ನ ಎರಡೂ ಮುಖಕ್ಕೆ ತೆಳು ಎಪಾಕ್ಸಿ ಬಳಿಯಿರಿ. ಎಣ್ಣೆ ಹೀರಿದ ಬಾಲ್ಸಾ ಮರಕ್ಕೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ.

ಪೈಪ್, ಫಿಲ್ಟರ್, ಸೈಲೆನ್ಸರ್

ಎಂಜಿನ್‌ನ ಪೈಪ್ ಗಿಡ್ಡವಾಗಿರಲಿ, ಎಲ್ಲೂ ಮುರುಟಿರಬಾರದು, ಸೈಲೆನ್ಸರ್‌ಗೆ ತಾಗಬಾರದು. ಒತ್ತಡದ ಪೈಪ್ ಸೈಲೆನ್ಸರ್‌ನ ಸಣ್ಣ ನಿಪ್ಪಲ್‌ಗೆ. ಆ ನಿಪ್ಪಲ್‌ನ ತೂತಿನಲ್ಲಿ ಸುಟ್ಟ ಹರಳೆಣ್ಣೆ ಅರಗಿನಂತೆ ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ಓಡುತ್ತಿದ್ದ ಎಂಜಿನ್ ವಾರದಿಂದ ವಾರಕ್ಕೆ ಲೀನ್ ಆಗುತ್ತಿದ್ದರೆ ಮೊದಲು ಅಲ್ಲಿ ತಂತಿ ಚುಚ್ಚಿ ನೋಡಿ.

ನಮ್ಮ ಕಡೆ ಫಿಲ್ಟರ್ ಇಲ್ಲದೆ ಆಗುವುದಿಲ್ಲ. ಬೇಸಿಗೆಯಲ್ಲಿ ಕೆಂಪು ಧೂಳು, ಎರೆಹೊಲದ ಕಪ್ಪು ಪುಡಿ, ಗಾಳಿ ಎದ್ದರೆ ಎಲ್ಲಾ ಕಡೆ ಅದೇ. ಆದರೆ ಫಿಲ್ಟರ್ ಇದ್ದೂ ಕಸ ಸೂಜಿಗೆ ಹೋಗುವ ದಾರಿ ಒಂದಿದೆ. ಎರಡು ಪೈಪ್‌ನ ಟ್ಯಾಂಕ್‌ನಲ್ಲಿ ಕಾರ್ಬೊರೇಟರ್ ತುದಿ ಬಿಚ್ಚಿ, ಅದೇ ಪೈಪ್‌ನಿಂದ ಇಂಧನ ತುಂಬುತ್ತೇವೆ ಅಲ್ವಾ? ಆಗ ಇಂಧನ ಫಿಲ್ಟರ್ ಮೂಲಕ ಉಲ್ಟಾ ಹೋಗುತ್ತದೆ. ಡಬ್ಬಿಯ ಕಸ ಫಿಲ್ಟರ್‌ನ ಕಾರ್ಬೊರೇಟರ್ ಬದಿಗೆ ಸಿಕ್ಕಿ ನಿಲ್ಲುತ್ತದೆ. ಎಂಜಿನ್ ಶುರುವಾದ ಕೂಡಲೇ ನೇರ ಸೂಜಿಗೆ. ಹಾಗಾಗಿ ತುಂಬುವಾಗ ಫಿಲ್ಟರ್‌ನ ಟ್ಯಾಂಕ್ ಬದಿಯ ಜೋಡಣೆ ಬಿಚ್ಚಿ ತುಂಬಿ, ಇಲ್ಲವೇ ಮೂರನೇ ಕೊಳವೆ ಹಾಕಿಸಿ. ತುಂಬುವ ಬಾಟಲಿಗೆ ಬೇರೆ ಫಿಲ್ಟರ್ ಇರಲಿ. ಕಾರ್ಬೊರೇಟರ್‌ಗೆ ಪೈಪ್ ಜೋಡಿಸಿಟ್ಟು ಒತ್ತಡದ ಕಡೆಯಿಂದ ತುಂಬಿದರೆ ಇಂಧನ ಎಂಜಿನ್‌ಗೆ ನುಗ್ಗಿ ಮುಳುಗಿಸುತ್ತದೆ.

ಇಂಧನದ ಬಗ್ಗೆ ಎರಡು ಮಾತು

ಸಾದಾ ಮಿಶ್ರಣ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ಚಿತ್ರದುರ್ಗದ ಬೆದ್ದಲು ಹೊಲದಲ್ಲಿ ಔಡಲ ಬೆಳೆಯುತ್ತದೆ, ಊರಲ್ಲೇ ಎಣ್ಣೆ ಸಿಗುತ್ತಲ್ಲ ಅಂತ ಅನ್ನಿಸಬಹುದು. ಕುದಿಸಿ ತೆಗೆದ ಮನೆ ಎಣ್ಣೆ ತಲೆಗೆ ಒಳ್ಳೆಯದು, ಎಂಜಿನ್‌ಗೆ ಅಲ್ಲ. ಅದರಲ್ಲಿ ನೀರಿನ ಅಂಶ, ಅಂಟು ಎರಡೂ ಇರುತ್ತವೆ. ಅಂಟು ತೆಗೆದ, ಮೊದಲ ಹಿಂಡಿನ ಎಣ್ಣೆಯೇ ಬೇಕು. ಮೆಥನಾಲ್ ಪರವಾನಗಿ ಇರುವ ಮಾರಾಟಗಾರರಿಂದ ಮಾತ್ರ ತನ್ನಿ. ಚರ್ಮಕ್ಕೆ ತಾಗಿಸಬೇಡಿ, ಆವಿ ಕುಡಿಯಬೇಡಿ, ನೀರಿನ ಬಾಟಲಿಯಲ್ಲಿ ತುಂಬಿ ಮನೆಯಲ್ಲಿ ಇಡುವುದಂತೂ ಬೇಡವೇ ಬೇಡ. ಮೆಥನಾಲ್ ಬೆಂಕಿ ಬಿಸಿಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಡಬ್ಬಿ ಬಿಗಿಯಾಗಿ ಮುಚ್ಚಿ, ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ.

ಮೈದಾನದಲ್ಲಿ

ಮೊದಲು ಜಾಗ. ಚಳ್ಳಕೆರೆ ಕಡೆ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ರಾಕೆಟ್ ನೌಕೆಯ ಮಾದರಿ ತಾನಾಗಿ ಬಂದು ಇಳಿದದ್ದು ಅಲ್ಲಿಯ ರನ್‌ವೇ ಮೇಲೆ. ಹೆಮ್ಮೆ ಸರಿ, ಆದರೆ ಅದರ ಆಸುಪಾಸು ನಾವು ಹಾರಿಸುವಂತಿಲ್ಲ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ನೋಡಿ. ಕೊಯ್ಲು ಮುಗಿದ ಹೊಲವಾದರೆ ಮಾಲೀಕರನ್ನು ಕೇಳಿ.

ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ಥ್ರಾಟಲ್ ಕೊಡಿ. ಪ್ರೊಪೆಲ್ಲರ್‌ನ ಹಿಂದೆ ನಿಂತು ಸೂಜಿ ಮೆಲ್ಲಗೆ ಬಿಗಿ ಮಾಡುತ್ತಾ ಹೋಗಿ. ವೇಗ ತುತ್ತತುದಿಗೆ ಬಂದ ಮೇಲೆ ವಾಪಸ್ ಬಿಚ್ಚಿ, ಸುತ್ತು ಎಣಿಸುವ ಟ್ಯಾಕೋಮೀಟರ್ ಇದ್ದರೆ ನಿಮಿಷಕ್ಕೆ 200ರಿಂದ 400 ಸುತ್ತು ಕಡಿಮೆಯಾಗುವಷ್ಟು. ಈಗ ಇಂಧನದ ಪೈಪ್ ಅನ್ನು ಕ್ಷಣಮಾತ್ರ ಚಿವುಟಿ ಬಿಡಿ. ವೇಗ ಸ್ವಲ್ಪ ಏರಿ ವಾಪಸ್ ಬಂದರೆ ಸರಿ. ಏರದೆ ನೇರ ಕುಸಿದರೆ ಲೀನ್.

ಆಮೇಲೆ ಮೂಗಿನ ಪರೀಕ್ಷೆ. ಜೊತೆಗಿರುವವರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು ಆಕಾಶಕ್ಕೆ ಎತ್ತಲಿ, ಹತ್ತು ಸೆಕೆಂಡ್. ಸಡಿಲ ತೋಳು, ಟವಲ್, ಕೊರಳ ದಾರ ಯಾವುದೂ ಪ್ರೊಪೆಲ್ಲರ್ ಹತ್ತಿರ ಇರಬಾರದು. ಸದ್ದು ಒಂದೇ ಸಮ ಇದ್ದರೆ, ಇಲ್ಲವೇ ಒಂಚೂರು ಏರಿದರೆ ಹಾರಿಸಬಹುದು. ಸೊರಗಿದರೆ ಎರಡು ಕ್ಲಿಕ್ ಬಿಚ್ಚಿ ಮತ್ತೆ ಎತ್ತಿ. ಇದನ್ನು ಟ್ಯಾಂಕ್ ಕಾಲುಭಾಗ ಇರುವಾಗಲೂ ಮಾಡಿ. ತುಂಬಿದಾಗ ಪಾಸಾಗಿ ಕಾಲುಭಾಗಕ್ಕೆ ಫೇಲಾದರೆ ಅದು ಸೂಜಿಯ ವಿಷಯವಲ್ಲ, ಟ್ಯಾಂಕ್‌ನ ಎತ್ತರ ಅಥವಾ ದೂರ.

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರ. ದುರ್ಗದಲ್ಲಿ ಗಾಳಿ ಮಂಗಳೂರಿಗಿಂತ ಹೆಚ್ಚುಕಡಿಮೆ ನೂರಕ್ಕೆ 7ರಷ್ಟು ತೆಳು. ಕರಾವಳಿಯಲ್ಲಿ ಹೊಂದಿಸಿದ ಸೂಜಿ ಇಲ್ಲಿ ರಿಚ್ ಆಗುತ್ತದೆ, ಕೆಲವು ಕ್ಲಿಕ್ ಒಳಗೆ ಬೇಕು. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ವ್ಯತ್ಯಾಸ ಇದ್ದೇ ಇದೆ. ಇಂಥ ಹೊಂದಾಣಿಕೆಗೇ ಸೂಜಿ ಇರುವುದು.

ಸದ್ದು ಕೇಳಿ ತೊಂದರೆ ಹಿಡಿಯುವುದು

ಶುರುವಿನಲ್ಲಿ ಹೊಗೆ ಉಗುಳುತ್ತಾ ಓಡಿ, ಕೊನೆಯ ಎರಡು ನಿಮಿಷ ಕಿರುಚಿದರೆ ಟ್ಯಾಂಕ್ ತೀರಾ ಎತ್ತರದ್ದು, ಇಲ್ಲವೇ ಸೈಲೆನ್ಸರ್ ಒತ್ತಡ ಸಿಗುತ್ತಿಲ್ಲ. ಮೂಗೆತ್ತಿದಾಗ ಮಾತ್ರ ಸತ್ತರೆ ಟ್ಯಾಂಕ್ ಕೆಳಗೋ ದೂರವೋ ಇದೆ, ಅಥವಾ ಕ್ಲಂಕ್ ಮುಂದೆ ಸಿಕ್ಕಿಕೊಂಡಿದೆ. ತಲೆಕೆಳಗಾದಾಗ ಮಾತ್ರ ಸತ್ತರೆ ಕ್ಲಂಕ್ ಬೀಳುತ್ತಿಲ್ಲ, ಪೈಪ್ ಗಟ್ಟಿಯಾಗಿದೆ. ತಲೆಕೆಳಗಾದಾಗ ಉಗುಳಿದರೆ ಟ್ಯಾಂಕ್ ಜಾಸ್ತಿ ಕೆಳಗಿದೆ. ಯಾವ ಲೆಕ್ಕಕ್ಕೂ ಸಿಗದೆ ಏರಿಳಿದರೆ ಗಾಳಿ ಸೋರಿಕೆ, ಮತ್ತೆ ಬಕೆಟ್ ತನ್ನಿ. ಥ್ರಾಟಲ್ ಇಳಿಸಿ ಏರಿಸುವಾಗ ಮಾತ್ರ ನಿಂತರೆ ಟ್ಯಾಂಕ್ ಅನ್ನು ಬಯ್ಯಬೇಡಿ, ಅದು ಕಡಿಮೆ ಥ್ರಾಟಲ್‌ನ ಮಿಶ್ರಣ ಹೊಂದಿಸುವ ಐಡಲ್ ಸ್ಕ್ರೂನ ಕೆಲಸ.

ಕಂಟ್ರೋಲ್ ಲೈನ್, ಅಂದರೆ ತಂತಿ ಹಿಡಿದು ವೃತ್ತದಲ್ಲಿ ಹಾರಿಸುವವರಿಗೆ ಇನ್ನೂ ಚೊಕ್ಕ ವಿಧಾನ ಇದೆ. ನೆಟ್ಟಗೆ ಹಾರುವಾಗ ಸುತ್ತಿಗೆ ಎಷ್ಟು ಸೆಕೆಂಡ್, ತಲೆಕೆಳಗೆ ಹಾರುವಾಗ ಎಷ್ಟು, ಸ್ಟಾಪ್‌ವಾಚ್‌ನಲ್ಲಿ ನೋಡಿ. ನೆಟ್ಟಗಿದ್ದಾಗ ವೇಗ ಜಾಸ್ತಿ ಇದ್ದರೆ ಆಗ ಎಂಜಿನ್ ಲೀನ್, ಅಂದರೆ ಟ್ಯಾಂಕ್ ಕೆಳಗಿದೆ. ಒಂದು ಮಿ.ಮೀ. ಪ್ಲೈವುಡ್ ಚೂರು ಕೆಳಗಿಟ್ಟು ಎತ್ತಿ. ತಲೆಕೆಳಗಿದ್ದಾಗ ವೇಗ ಜಾಸ್ತಿ ಇದ್ದರೆ ಟ್ಯಾಂಕ್ ಇಳಿಸಿ. ಎರಡೂ ಸಮ ಆಗುವವರೆಗೆ ಸೂಜಿಯನ್ನು ಮುಟ್ಟಬೇಡಿ.

ಮನೆಗೆ ಹೊರಡುವ ಮೊದಲು

ಟ್ಯಾಂಕ್‌ನಲ್ಲಿ ಉಳಿದ ಇಂಧನವನ್ನು ಸಿರಿಂಜ್‌ನಿಂದ ಪೂರ್ತಿ ಎಳೆದು ತೆಗೆಯಿರಿ. ಪೈಪ್ ಬಿಚ್ಚಿ, ಎಂಜಿನ್ ಒಳಗಿರುವುದು ಸುಟ್ಟು ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬೊರೇಟರ್‌ಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಪ್ರೊಪೆಲ್ಲರ್ ಕೈಯಿಂದ ತಿರುಗಿಸಿ. ಮಳೆಗಾಲ ಪೂರ್ತಿ ಹಾಗೇ ಬಿಟ್ಟ ಟ್ಯಾಂಕ್‌ನಲ್ಲಿ ಹರಳೆಣ್ಣೆ ಅಂಟಾಗಿ ಕ್ಲಂಕ್‌ನ ಬಾಯಿ ಮುಚ್ಚಿರುತ್ತದೆ. ಒಳಗಿನ ಸಿಲಿಕಾನ್ ಪೈಪ್ ಅನ್ನು ವರ್ಷಕ್ಕೊಮ್ಮೆ ಬದಲಿಸಿ. ಗೇಣುದ್ದದ ಪೈಪ್ ಸಾಕು.